ಭದ್ರವಾಗಿ ಲಗತ್ತಿಸಿ

ಅರ್ಜಿಯ ಕೊನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ಎಲ್ಲ ದಾಖಲೆಗಳನ್ನು ಭದ್ರವಾಗಿ ಲಗತ್ತಿಸಿ. ನಾನು ಲಗತ್ತಿಸಿದೆ. ಆ ಕಚೇರಿ ಹುಟ್ಟಿದ ಮೇಲೆ ಅಷ್ಟು ಭದ್ರವಾಗಿ ಯಾರೂ ಲಗತ್ತಿಸಿರಲಿಲ್ಲವಂತೆ. ಅದನ್ನು ಹೊಗಳಿಕೆ ಅಂದುಕೊಂಡು ನಕ್ಕೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ.

ಮೊದಲಿನಿಂದ ಹೇಳುತ್ತೇನೆ. ನಾನು ಓದಿದ್ದು ಐದನೇ ಕ್ಲಾಸು. ಕಸುಬು ಹೊಲಿಗೆ. ನನ್ನ ಗಂಡನದೂ ಅದೇ. ಬೀದಿಯವರೆಲ್ಲ ಅವರನ್ನು ಮಾಸ್ಟರು ಅನ್ನುತ್ತಿದ್ದರು. ಅವರು ಹೋಗಿ ಒಂದು ವರ್ಷ ನಾಲ್ಕು ತಿಂಗಳಾಯಿತು. ಕತ್ತರಿ ಕೈಯಲ್ಲಿದ್ದಾಗಲೇ ಹೋದರು. ಮೇಜಿನ ಮೇಲೆ ಒಂದು ಕೋಟು ಅರ್ಧಕ್ಕೆ ನಿಂತಿತ್ತು. ಅದನ್ನು ನಾನು ಮುಗಿಸಿಕೊಟ್ಟೆ. ಎಡ ತೋಳು ಉದ್ದ ಬಂತು. ಗಿರಾಕಿ ಏನೂ ಅನ್ನಲಿಲ್ಲ. ಇವರಿದ್ದಿದ್ದರೆ ಅನ್ನುತ್ತಿದ್ದರು.

"ನಿನ್ನ ಕಣ್ಣು ಅರ್ಧ ಇಂಚು ಜಾಸ್ತಿ ನೋಡುತ್ತೆ ಕಣೇ" ಅಂತ ಇಪ್ಪತ್ತೆರಡು ವರ್ಷ ಅಂದರು. ಇಲ್ಲ ಅಂತ ಇಪ್ಪತ್ತೆರಡು ವರ್ಷ ನಾನು ಜಗಳ ಆಡಿದೆ. ಅವರು ಟೇಪು ಹಿಡಿಯದೆ, ಬಾಗಿಲಲ್ಲಿ ನಿಂತ ಮನುಷ್ಯನನ್ನು ನೋಡಿಯೇ ಸೊಂಟ ಎಷ್ಟು, ಕಾಲು ಎಷ್ಟು ಹೇಳುತ್ತಿದ್ದರು. ನನಗೂ ಆ ವಿದ್ಯೆ ಇದೆ ಅಂತಲೇ ನನ್ನ ವಾದ.

ಅವರ ಕೆಲಸ ಅಂಗಡಿಯಲ್ಲಿ. ನನ್ನ ಕೆಲಸ ಮನೆಯಲ್ಲಿ. ಅವರು ಕತ್ತರಿಸಿ, ಹೊಲಿದು ಕಳಿಸುತ್ತಿದ್ದರು. ನಾನು ಕಾಜ ಮಾಡಿ, ಗುಂಡಿ ಹಚ್ಚಿ, ಅಂಚು ಮಡಿಸಿ ವಾಪಸು ಕಳಿಸುತ್ತಿದ್ದೆ. ಗಂಟಿನ ಜೊತೆ ಪಿನ್ನು ಚುಚ್ಚಿದ ಅಳತೆ ಚೀಟಿ ಬರುತ್ತಿತ್ತು. ಮುಂದಿನ ಬದಿಯಲ್ಲಿ ತಾರೀಕು, ಗಿರಾಕಿ, ಅಳತೆ, ಕೂಲಿ. ಹಿಂದಿನ ಬದಿಯಲ್ಲಿ ನಮ್ಮ ಸಂಸಾರ. "ಬರುವಾಗ ಹಾಲು ತರಲಾ?" ಅಂತ ಅವರು ಬರೆದರೆ, "ನಿನ್ನೆ ತಂದದ್ದೇ ಹುಳಿ" ಅಂತ ನಾನು ಬರೆಯುತ್ತಿದ್ದೆ. ಎದುರು ಕೂತರೆ ಇಬ್ಬರೂ ಮಾತಿಗೆ ಜಿಪುಣರು. ಆಡಿದ್ದೆಲ್ಲ ಚೀಟಿಯಲ್ಲೇ. ನಾವು ಜಗಳ ಆಡಿದ್ದೂ ಅಲ್ಲೇ. ರಾಜಿಯಾದದ್ದೂ ಅಲ್ಲೇ. (ನಮಗೆ ಮಗಳು ಹುಟ್ಟುವ ಸುದ್ದಿ ನಾನು ಅವರಿಗೆ ತಿಳಿಸಿದ್ದು ಒಬ್ಬ ದಪ್ಪನೆಯ ಗಿರಾಕಿಯ ಸೊಂಟದ ಅಳತೆಯ ಹಿಂದೆ. ಅವರು ಮುಂದಿನ ಬದಿ ಮಾತ್ರ ನೋಡಿ ಎರಡು ದಿನ ಸುಮ್ಮನಿದ್ದರು. ನಾನು ಎರಡು ದಿನ ಅತ್ತೆ.)

ಅವರು ಹೋದ ಮೇಲೆ ಅಂಗಡಿ ಬಿಟ್ಟೆವು. ಅವರ ಮೆಷೀನು ಮನೆಗೆ ಬಂತು. ಮುಂದಿನ ಕೋಣೆಯಲ್ಲಿ ಕಿಟಕಿಯ ಹತ್ತಿರ ಅದು, ಗೋಡೆಯ ಹತ್ತಿರ ನನ್ನದು. ಅವರದಕ್ಕೆ ಬಟ್ಟೆ ಹೊದಿಸಿಟ್ಟಿದ್ದೆ. ನಾನು ಚೀಟಿ ಬರೆಯುವುದು ಬಿಡಲಿಲ್ಲ. ಮುಂದೆ ಅಳತೆ, ಕೂಲಿ. ಹಿಂದೆ, "ರೀ" ಅಂತ ಶುರುಮಾಡಿ ಒಂದೆರಡು ಸಾಲು. ಕೆಲಸ ಮುಗಿದ ಮೇಲೆ ಅವರ ಮೆಷೀನಿನ ಡ್ರಾಯರಿಗೆ ಹಾಕುತ್ತಿದ್ದೆ. ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದು ಅಂತಲೇ ಇತ್ತು.

ಇನ್ನು ಮಗಳು. ಹುಟ್ಟಿದಾಗ ದುಂಡಗಿದ್ದಳು. ಅವರು ಎತ್ತಿಕೊಂಡು "ಇದೊಂದು ಗುಂಡಿ" ಅಂದರು. ಅದೇ ನಿಂತಿತು. ಅಂಗಿಯ ಗುಂಡಿ ಅಂತ ಅವರ ಅರ್ಥ. ನಮ್ಮತ್ತೆ ಮಾತ್ರ, "ನೆಲದ ಗುಂಡಿ ಕಣೇ ಇದು, ಎಷ್ಟು ಹಾಕಿದ್ರೂ ತುಂಬಲ್ಲ" ಅನ್ನುತ್ತಾರೆ. ಏಳು ವರ್ಷದವಳಿದ್ದಾಗ ಗುಂಡಿ ಅವರಪ್ಪನ ಮೆಷೀನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದ್ದಳು. ಒಂದು ತಿರುಪು ಉಳಿದುಬಿಟ್ಟಿತು. ಮೆಷೀನು ಮೊದಲಿಗಿಂತ ಚೆನ್ನಾಗಿ ಓಡಿತು. ಅವರು ಆ ತಿರುಪನ್ನು ಡ್ರಾಯರಿನಲ್ಲಿಟ್ಟು, "ಇವಳು ದೊಡ್ಡವಳಾದ ಮೇಲೆ ಇದು ಎಲ್ಲಿಯದು ಅಂತ ಓದಿ ಹೇಳಲಿ" ಅಂದರು.

ಹಾಗಾಗಿ ಗುಂಡಿಗೆ ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೀಟು ಸಿಕ್ಕಾಗ ನನಗೆ ಆಶ್ಚರ್ಯ ಆಗಲಿಲ್ಲ. ಆಶ್ಚರ್ಯ ಆದದ್ದು ಫೀಸು ಕೇಳಿ.

ದೊಡ್ಡ ಮೊತ್ತ ನನ್ನ ತಲೆಗೆ ಹೋಗುವುದಿಲ್ಲ. ಪ್ಯಾಂಟಿನ ಲೆಕ್ಕ ಹಾಕಿದೆ. ಒಂದು ಪ್ಯಾಂಟಿನ ಅಂಚು ಮಡಿಸಿದರೆ ನನಗೆ ಇಷ್ಟು ಅಂತ ಸಿಗುತ್ತದೆ. ಒಂದು ವರ್ಷದ ಫೀಸು ಸಾವಿರದ ನಾನೂರು ಪ್ಯಾಂಟು. ನಾಲ್ಕು ವರ್ಷಕ್ಕೆ ಐದು ಸಾವಿರದ ಆರುನೂರು. ಅಂದರೆ ಹನ್ನೊಂದು ಸಾವಿರದ ಇನ್ನೂರು ಕಾಲು.

"ಈ ಊರಲ್ಲಿ ಅಷ್ಟು ಕಾಲು ಇದಾವಾ?" ಅಂದರು ಅತ್ತೆ.

"ಇದ್ರೂ ಎಲ್ಲರೂ ನನ್ನ ಹತ್ರಾನೇ ಬರ್ತಾರಾ ಅತ್ತೆ?"

"ಆ ಹುಡುಗಿಗೆ ಬೇರೆ ಏನಾದ್ರೂ ಓದಿಸಬಾರದಾ? ಕಡಿಮೆ ಕಾಲಿನದು?"

ಗುಂಡಿ ಒಳಗಿನಿಂದ ಕೂಗಿದಳು. "ಅಜ್ಜಿ, ಸಹಾಯಧನ ಇದೆ. ಅರ್ಜಿ ಹಾಕಿದ್ರೆ ಪೂರ್ತಿ ಫೀಸು ಅವರೇ ಕಟ್ತಾರೆ."

"ಯಾರು ಕಟ್ಟೋರು?"

"ವಿದ್ಯಾರ್ಥಿ ಸಹಾಯ ಕಚೇರಿ."

"ನಮ್ಮನ್ನ ಕಂಡರೆ ಅವರಿಗೆ ಅಷ್ಟು ಪ್ರೀತಿ ಯಾಕೆ?"

ಅತ್ತೆ ಕೇಳಿದ್ದು ತಪ್ಪಲ್ಲ. ನನಗೂ ಅದೇ ಅನುಮಾನ. ಅದಕ್ಕೇ ಯಾರಿಗೂ ಹೇಳದೆ ಇನ್ನೊಂದು ಏರ್ಪಾಡು ಮಾಡಿಟ್ಟಿದ್ದೆ. ಅದನ್ನು ಆಮೇಲೆ ಹೇಳುತ್ತೇನೆ. ನಾನು ಹೇಳದಿದ್ದರೂ ಅದು ತಾನಾಗಿಯೇ ಹೊರಬಿತ್ತು.

ಅರ್ಜಿ ತರಲು ನಾನೇ ಕಚೇರಿಗೆ ಹೋದೆ. ಉದ್ದನೆಯ ಹಾಲು, ಐದು ಕಿಟಕಿ, ಒಂದೊಂದರ ಮುಂದೆ ಸಾಲು. ಅರ್ಜಿಯದು ಮೂರನೇ ಕಿಟಕಿ. ಒಳಗೆ ಒಬ್ಬರು ಕೂತಿದ್ದರು. ನನ್ನ ವಯಸ್ಸಿನವರು. ಮುಖದಲ್ಲಿ ಸುಕ್ಕೂ ಇಲ್ಲ, ನಗುವೂ ಇಲ್ಲ. ಹೆಸರು ಕೇಳಲಿಲ್ಲ. ನಮ್ಮ ಮನೆಯಲ್ಲಿ ಇವತ್ತಿಗೂ ಅವರು ಮೂರನೇ ಕಿಟಕಿಯೇ. ಅರ್ಜಿ ಕೊಟ್ಟು, ಕಿಟಕಿ ಮುಚ್ಚಿ, ನಮ್ಮ ಮುಂದೆಯೇ ಹಾದು ಟೀ ಕುಡಿಯಲು ಹೋದರು. ಹೋಗುವಾಗ ನನ್ನ ಕಣ್ಣು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು. ಪ್ಯಾಂಟು ಗಿಡ್ಡ. ಎರಡು ಇಂಚು. ನಡೆದರೆ ಕಾಲುಚೀಲ ಇಣುಕುತ್ತಿತ್ತು. ಕಸುಬಿನವರಿಗೆ ಅದು ಕಣ್ಣಿಗೆ ಕಸ ಬಿದ್ದ ಹಾಗೆ.

ಅರ್ಜಿ ತುಂಬಿಸಿದ್ದು ಬೀದಿ ಮೂಲೆಯ ಜೆರಾಕ್ಸ್ ಅಣ್ಣ. ಹತ್ತು ಪುಟ ಜೆರಾಕ್ಸ್ ಮಾಡಿಸಿದವರಿಗೆ ಅರ್ಜಿ ಬರೆಯುವುದು ಉಚಿತ. 'ಕುಟುಂಬದ ಪರಿಸ್ಥಿತಿಯನ್ನು ವಿವರಿಸಿ' ಅಂತ ಒಂದು ಖಾಲಿ ಜಾಗ ಇತ್ತು. ಅಣ್ಣ ಕತ್ತು ಓರೆ ಮಾಡಿ ಬರೆದು, ಎದ್ದು ನಿಂತು ಓದಿದ.

"ಪತಿವಿಯೋಗದ ದುಃಖಸಾಗರದಲ್ಲಿ ಮುಳುಗಿ, ದಾರಿದ್ರ್ಯದ ದಾವಾನಲದಲ್ಲಿ ಬೆಂದು, ಕಿಂಚಿತ್ತೂ ಆದಾಯವಿಲ್ಲದೆ ಕಂಗಾಲಾಗಿರುವ ಈ ಅಬಲೆಯು..."

"ಮುಳುಗಿದೋಳು ಬೇಯೋದು ಹೆಂಗಣ್ಣ?" ಅಂದೆ.

"ಅಕ್ಕ, ಇದು ಅರ್ಜಿ ಭಾಷೆ. ಬೇಯಿಸಬೇಕು. ಹಸಿ ಹಸಿ ಕೊಟ್ರೆ ಯಾರೂ ಮುಟ್ಟಲ್ಲ."

"ಆದಾಯ ಇಲ್ಲ ಅಂತ ಬರ್ದಿದ್ದೀಯಲ್ಲ. ನಾನು ದಿನಾ ಬೆನ್ನು ಬಗ್ಗಿಸ್ತಿರೋದು ಏನು, ವ್ಯಾಯಾಮಾನಾ?"

"ಇದೆ ಅಂದ್ರೆ ಎಷ್ಟು ಅಂತಾರೆ. ಎಷ್ಟು ಅಂದ್ರೆ ರಶೀದಿ ಅಂತಾರೆ. ರಶೀದಿ ಇದೆಯಾ?"

ಇಲ್ಲ. ಪ್ಯಾಂಟಿನ ಅಂಚಿಗೆ ಯಾರು ರಶೀದಿ ಕೊಡುತ್ತಾರೆ? ಸಹಿ ಹಾಕಿದೆ. ಆದರೆ ಮನಸ್ಸಿಗೆ ಹಿಡಿಸಲಿಲ್ಲ. ಮನೆಗೆ ಬಂದು ಚೀಟಿಯಲ್ಲಿ ಇವರಿಗೆ ಬರೆದೆ. ಅವತ್ತಿನ ಸಿಟ್ಟೆಲ್ಲ ಬರೆದೆ. ಚೀಟಿ ಇನ್ನೂ ಡ್ರಾಯರಿಗೆ ಹೋಗಿರಲಿಲ್ಲ, ನನ್ನ ಮೆಷೀನಿನ ಮೇಲೇ ಇತ್ತು. ಅಲ್ಲೇ ತಪ್ಪಾದದ್ದು.

ಲಗತ್ತಿಸಬೇಕಾದ ಕಾಗದ ಒಂಬತ್ತು. ಅರ್ಜಿ, ಅಂಕಪಟ್ಟಿ, ಸೀಟಿನ ಪತ್ರ, ಇನ್ನೇನೇನೋ. ಕಟ್ಟಕಡೆಗೆ ಇವರ ಮರಣ ಪ್ರಮಾಣ ಪತ್ರ. ಗುಂಡಿ ಮನೆಯಲ್ಲಿರಲಿಲ್ಲ. ಗುಂಡುಪಿನ್ನು ಚುಚ್ಚೋಣ ಅಂತ ನೋಡಿದೆ. ಪಿನ್ನು ಜಾರುತ್ತದೆ. ನಾಳೆ ಒಂದು ಕಾಗದ ಬಿದ್ದುಹೋಗಿ, ಅವಳ ಓದು ನಿಂತುಹೋದರೆ? ಭದ್ರವಾಗಿ ಅಂತ ಬೇರೆ ಅಚ್ಚಾಗಿದೆ. ನಾನು ಐದನೇ ಕ್ಲಾಸಿನವಳು. ಆದರೆ ಭದ್ರ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಿಳಿ ದಾರ ಹಾಕಿದೆ. ಒಂಬತ್ತನ್ನೂ ಒತ್ತಿ ಹಿಡಿದು, ಎಡ ಅಂಚಿನಲ್ಲಿ ಮೆಷೀನು ಹೊಲಿಗೆ ಹಾಕಿದೆ. ಎರಡು ಸಾಲು. ಎರಡೂ ತುದಿಯಲ್ಲಿ ಹಿಂದೆ ಮುಂದೆ ಓಡಿಸಿ ಗಟ್ಟಿ ಮಾಡಿದೆ. ಇವರ ಹೆಸರಿನ ಮೇಲೆ ಸೂಜಿ ಹೋಗದ ಹಾಗೆ ನೋಡಿಕೊಂಡೆ.

ಮರಣ ಪತ್ರದ ಕಾಗದ ತೆಳು. ತೆಳು ಬಟ್ಟೆ ಸುಕ್ಕಾಗದೆ ಇರಲಿ ಅಂತ ನಾವು ಕೆಳಗೆ ಒಂದು ಕಾಗದ ಕೊಟ್ಟು ಹೊಲಿಯುತ್ತೇವೆ. ಕೈ ಅಭ್ಯಾಸ. ಪಕ್ಕದಲ್ಲಿ ಯಾವುದೋ ಚೂರು ಕಾಗದ ಇತ್ತು, ಕೆಳಗೆ ಕೊಟ್ಟೆ. ಯಾವುದು ಅಂತ ನೋಡಲಿಲ್ಲ.

ಮಾರನೆಯ ದಿನ ಗುಂಡಿಯ ಜೊತೆ ಹೋದೆ. ಮೂರನೇ ಕಿಟಕಿಯವರು ಕಟ್ಟನ್ನು ತೆಗೆದುಕೊಂಡರು. ತಿರುಗಿಸಿದರು. ಎಳೆದರು. ಬರಲಿಲ್ಲ.

"ಇದೇನಮ್ಮಾ?"

"ಲಗತ್ತು ಸಾರ್."

ಗುಂಡಿ ಆಗಲೇ ನೋಡಿದ್ದು. "ಅಮ್ಮಾ, ಹೊಲಿದುಬಿಟ್ಟಿದ್ದೀಯಾ!"

"ಭದ್ರವಾಗಿ ಅಂತ ಇತ್ತಲ್ಲ."

"ಇಪ್ಪತ್ತಾರು ವರ್ಷದಿಂದ ಈ ಕಿಟಕೀಲಿ ಕೂತಿದ್ದೀನಿ" ಅಂದರು ಅವರು. "ಇಷ್ಟು ಭದ್ರವಾಗಿ ಯಾರೂ ಲಗತ್ತಿಸಿರಲಿಲ್ಲ."

ಆಗಲೇ ನಾನು ನಕ್ಕದ್ದು.

"ಒಂದೊಂದೇ ಹಾಳೆ ಸ್ಕ್ಯಾನ್ ಮಾಡ್ಬೇಕಮ್ಮ. ಬಿಚ್ಚಬೇಕು" ಅಂತ ಡ್ರಾಯರಿನಿಂದ ಬ್ಲೇಡು ತೆಗೆದರು. ಹಿಡಿದ ರೀತಿ ಸರಿಯಿರಲಿಲ್ಲ. "ಕೊಡಿ ಸಾರ್ ಇಲ್ಲಿ, ಹರಿದುಹಾಕ್ತೀರ" ಅಂತ ಕಿಟಕಿಯೊಳಗೆ ಕೈ ಹಾಕಿ ತೆಗೆದುಕೊಂಡೆ. ಸಾಲಿನವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಒಂದೊಂದೇ ಹೊಲಿಗೆ ಕತ್ತರಿಸಿ, ದಾರ ಎಳೆದು, ಒಂದೊಂದೇ ಹಾಳೆ ಒಳಗೆ ಕೊಟ್ಟೆ. ಒಂಬತ್ತೂ ಕೊಟ್ಟೆ. ಆಮೇಲೆ ಹತ್ತನೆಯದೂ ಕೊಟ್ಟೆ.

ಅವರು ಅದನ್ನೂ ಓದಿದರು. ಓದುವುದೇ ಅವರ ಕೆಲಸ. ಮುಂದಿನ ಬದಿ ನೋಡಿ, "ಸೊಂಟ ಮೂವತ್ತೆಂಟು. ಇದು ಯಾರದು?" ಅಂದರು. ತಿರುಗಿಸಿದರು. ಅವರಿಗೆ ಗಟ್ಟಿಯಾಗಿ ಓದುವ ಅಭ್ಯಾಸ.

"ರೀ, ಅರ್ಜಿ ಬರೆಸಿದೆ. ನನ್ನನ್ನು ಮುಳುಗಿಸಿ ಬೇಯಿಸಿದ್ದಾನೆ. ಆದಾಯ ಇಲ್ಲ ಅಂತ ಬರೆದಿದ್ದಾನೆ. ನೀವು ನೋಡಿದರೆ ಬೇಜಾರು ಮಾಡಿಕೊಳ್ಳುತ್ತೀರಿ. ಈ ವಾರ ಹದಿನೇಳು ಪ್ಯಾಂಟು, ಆರು ಪರದೆ ಮಾಡಿದ್ದೀನಿ. ಮೂರನೇ ಕಿಟಕಿಯವನ ಮುಖ ತಣ್ಣಗಾದ ಇಸ್ತ್ರಿಪೆಟ್ಟಿಗೆ. ಪ್ಯಾಂಟು ಎರಡು ಇಂಚು ಗಿಡ್ಡ. ಮನೇಲಿ ಹೇಳೋರು ಯಾರೂ ಇಲ್ವೇನೋ..."

ಅಲ್ಲಿ ನಿಲ್ಲಿಸಿದರು. ಸಾಲಿನಲ್ಲಿ ಒಬ್ಬ ಕಿಸಕ್ ಅಂದ. ನಾಲ್ಕನೇ ಕಿಟಕಿಯಾಕೆ ಎದ್ದು ನಿಂತು ಮೇಜಿನ ಕೆಳಗೆ ಇಣುಕಿದಳು. ಅವರು ನಿಧಾನವಾಗಿ ಕಾಲು ಹಿಂದಕ್ಕೆ ಎಳೆದುಕೊಂಡರು.

ಭೂಮಿ ಬಾಯಿ ಬಿಡಬೇಕು ಅನ್ನುತ್ತಾರಲ್ಲ, ನಾನು ಕಾದೆ. ಕಚೇರಿಯ ನೆಲ ಕಲ್ಲಿನದು. ಬಿಡಲಿಲ್ಲ.

ಗುಂಡಿ ಚೀಟಿ ಇಸಿದುಕೊಂಡಳು. ಉಳಿದದ್ದನ್ನು ಮನಸ್ಸಿನಲ್ಲೇ ಓದಿದಳು. ಅದರಲ್ಲಿ ಏನಿತ್ತು ಅಂತ ನನಗೆ ಗೊತ್ತು. 'ಸಹಾಯ ಸಿಗದಿದ್ದರೆ ನಿಮ್ಮ ಮೆಷೀನು ಕೊಟ್ಟುಬಿಡ್ತೀನಿ. ಹಳೇ ಸಾಮಾನಿನವನಿಗೆ ಹೇಳಿದ್ದೀನಿ. ಗುಂಡಿಗೂ ನಿಮ್ಮಮ್ಮನಿಗೂ ಹೇಳಿಲ್ಲ. ಕೋಪ ಮಾಡ್ಕೋಬೇಡಿ.'

"ಅಪ್ಪನ ಮೆಷೀನಾ?" ಅಂದಳು.

"ಮೊದಲನೇ ಕಂತಿಗೆ ಆಗುತ್ತೆ ಕಣೇ."

"ಅದನ್ನ ಮಾರಿದ್ರೆ ನಾನು ಕಾಲೇಜಿಗೆ ಹೋಗಲ್ಲ."

"ಮಾರದೆ ಇದ್ರೆ ಹೆಂಗೆ ಹೋಗ್ತೀಯ?"

"ಹೋಗಲ್ಲ ಅಂದೆನಲ್ಲ!"

"ಇಲ್ಲಿ ಜಗಳ ಆಡಬಾರದು" ಅಂದರು ಮೂರನೇ ಕಿಟಕಿ. ಗೋಡೆಯ ಮೇಲೆ ಹಾಗಂತ ಬೋರ್ಡೂ ಇತ್ತು. ಆಮೇಲೆ ಅರ್ಜಿಯ ಮೇಲೆ ಬೆರಳಿಟ್ಟರು. "ಕಿಂಚಿತ್ತೂ ಆದಾಯವಿಲ್ಲ ಅಂತ ಇಲ್ಲಿದೆ. ಹದಿನೇಳು ಪ್ಯಾಂಟು ಅಂತ ಅಲ್ಲಿದೆ. ಯಾವುದಮ್ಮ ನಿಜ?"

"ಪ್ಯಾಂಟು ಸಾರ್."

"ಹಂಗಾದ್ರೆ ಈ ಅರ್ಜಿ ತಿರಸ್ಕಾರ ಆಗುತ್ತೆ. ಸುಳ್ಳು ಮಾಹಿತಿ." ಅವರು ಹೊಸ ಅರ್ಜಿ ಒಂದನ್ನು ಮುಂದಕ್ಕೆ ತಳ್ಳಿದರು. "ಇನ್ನೂ ಒಪ್ಪಿಸಿಕೊಂಡಿಲ್ಲ. ಬೇರೆ ಬರ್ಕೊಂಡು ಬನ್ನಿ. ಇದ್ದ ಆದಾಯ ಇದ್ದ ಹಂಗೆ ಬರೀರಿ. ಕೈಕಸುಬಿನವರಿಗೆ ರಶೀದಿ ಬೇಕಾಗಿಲ್ಲ. ದಿನದಿನ ಬರೆದಿಟ್ಟದ್ದು ಏನಾದ್ರೂ ಇದ್ರೆ ಸಾಕು. ಇಂಥ ಚೀಟಿ ಇನ್ನೂ ಇದಾವಾ?"

"ಇದಾವೆ ಸಾರ್."

"ಒಂದು ವರ್ಷದ್ದು ತನ್ನಿ. ಮೂಲ, ಜೊತೆಗೆ ಜೆರಾಕ್ಸ್. ನಾಳೆ ನಾಲ್ಕು ಗಂಟೆಗೆ ಕೊನೆ."

ಬದುಕಿದೆ ಅಂದುಕೊಂಡು ತಿರುಗಿದೆ. ಹಿಂದಿನಿಂದ ಕೂಗಿ ಹೇಳಿದರು.

"ಎರಡೂ ಬದಿ ಜೆರಾಕ್ಸ್. ನಿಯಮ."

ಮನೆಯಲ್ಲಿ ಡ್ರಾಯರು ಎಳೆದು ಚಾಪೆಯ ಮೇಲೆ ಸುರಿದೆವು. ತಿರುಪು ಒಂದು ಟಣ್ ಅಂತ ಉರುಳಿತು. ಅತ್ತೆಗೆ ವಿಷಯ ಹೇಳಿದೆ, ಮೆಷೀನಿನದೂ ಸೇರಿಸಿ. ಬೈಯುತ್ತಾರೆ ಅಂತ ತಲೆ ತಗ್ಗಿಸಿ ಕೂತೆ. ಅವರು ಚೀಟಿಯ ರಾಶಿಯನ್ನೇ ನೋಡುತ್ತಿದ್ದರು.

"ಇಷ್ಟೊಂದು ಏನು ಬರ್ದಿದ್ದೀಯೇ ನನ್ನ ಮಗನಿಗೆ?"

"ಏನೋ, ಸುಮ್ನೆ."

"ನನ್ನ ಬಗ್ಗೆ ಇದೆಯಾ?"

ನಾನು ಚೀಟಿಗಳನ್ನು ಒಟ್ಟುಮಾಡತೊಡಗಿದೆ. ಗುಂಡಿಗೆ ನಗು ತಡೆಯಲಾಗಲಿಲ್ಲ. "ಅಜ್ಜಿ, ನೀನೇ ಜಾಸ್ತಿ ಇದ್ದೀಯ."

"ಓದು."

"ಬೇಡ ಕಣೇ" ಅಂದೆ.

"ನಾಳೆ ಆ ಕಿಟಕಿಯವನು ಓದ್ತಾನಂತೆ, ಜೆರಾಕ್ಸಿನವನು ಓದ್ತಾನಂತೆ. ಹೆತ್ತ ತಾಯಿ ನಾನು ಕೇಳಬಾರದಾ? ಓದೇ ಗುಂಡಿ."

ಗುಂಡಿ ಓದಿದಳು. "ರೀ, ನಿಮ್ಮಮ್ಮ ಟೀಗೆ ಸಕ್ಕರೆ ಕಡಿಮೆ ಅಂದರು. ಮೂರು ಚಮಚ ಹಾಕಿದ್ದೆ. ಇವರ ಹೊಟ್ಟೆಯಲ್ಲಿ ನೀವು ಹೇಗೆ ಹುಟ್ಟಿದಿರಿ?"

"ನೋಡು ನೋಡು" ಅಂದರು ಅತ್ತೆ. "ಮೂರು ಚಮಚ ಅಂತೆ. ಎರಡು ಹಾಕಿ ಮೂರು ಬರ್ದಿದ್ದಾಳೆ. ಕಚೇರಿಗೆ ಸುಳ್ಳು ಮಾಹಿತಿ! ಇನ್ನೊಂದು ಓದು."

"ರೀ, ಇವತ್ತು ಕಾಜ ಇಪ್ಪತ್ತು. ಮರೆತು ಎರಡು ಲೋಟ ಟೀ ಮಾಡಿ, ಒಂದನ್ನು ನಿಮ್ಮ ಮೆಷೀನಿನ ಮೇಲಿಟ್ಟೆ. ಆಮೇಲೆ ನಾನೇ ಕುಡಿದೆ. ಆರಿಹೋಗಿತ್ತು."

ಗುಂಡಿ ಆ ಚೀಟಿಯನ್ನು ಬೇಗ ಕೆಳಗಿಟ್ಟು ಇನ್ನೊಂದು ತೆಗೆದಳು. ತೆಗೆಯಬಾರದಿತ್ತು.

"ರೀ, ನಿಮ್ಮಮ್ಮ ನಿಮ್ಮ ನೀಲಿ ಅಂಗಿ ಮುಖಕ್ಕೆ ಹಿಡಿದುಕೊಂಡು ಕೂತಿದ್ದರು. ನಾನು ನೋಡದವಳ ಹಾಗೆ ಒಳಗೆ ಹೋದೆ. ಟೀಗೆ ನಾಲ್ಕು ಚಮಚ ಹಾಕಿಕೊಟ್ಟೆ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು.

"ಅವತ್ತಿನ ಟೀ ಚೆನ್ನಾಗಿತ್ತು" ಅಂದರು.

ಹಿಂದಿನ ಬದಿಗೆ ಮಸಿ ಬಳಿಯೋಣವೇ ಅಂತ ನಾನು ಕೇಳಿದೆ. ಗುಂಡಿ ಅರ್ಜಿಯಲ್ಲಿದ್ದ ಸಾಲು ತೋರಿಸಿದಳು. ಅಳಿಸಿದ, ತಿದ್ದಿದ ದಾಖಲೆಗಳನ್ನು ತಿರಸ್ಕರಿಸಲಾಗುವುದು. ಆ ಅಚ್ಚು ಹಾಕಿಸಿದವರು ಎಲ್ಲ ಯೋಚನೆ ಮಾಡಿದ್ದರು. ನನ್ನಂಥವಳೊಬ್ಬಳು ಬರುತ್ತಾಳೆ ಅಂತ ಮೊದಲೇ ಗೊತ್ತಿತ್ತೇನೋ.

"ಅಮ್ಮ, ನಿನಗೆ ಬೇಡ ಅಂದ್ರೆ ಬೇಡ" ಅಂದಳು ಗುಂಡಿ. "ನಾನು ಒಂದು ವರ್ಷ ಕೆಲಸ ಮಾಡಿ ಆಮೇಲೆ ಓದ್ತೀನಿ. ಇದು ನಿಮ್ಮಿಬ್ಬರ ಮಾತು."

ನಾನು ಕಿಟಕಿಯ ಹತ್ತಿರ ನೋಡಿದೆ. ಬಟ್ಟೆ ಹೊದ್ದ ಮೆಷೀನು ನನ್ನನ್ನೇ ನೋಡುತ್ತಿದ್ದ ಹಾಗಿತ್ತು. ಇವರು ಬದುಕಿದ್ದಾಗಲೂ ಏನಾದರೂ ಕೇಳಿದರೆ ಹೀಗೇ ಸುಮ್ಮನೆ ಕೂರುತ್ತಿದ್ದರು. ಮೆಷೀನು ಕೊಟ್ಟರೆ ಒಂದು ಕಂತು. ಚೀಟಿ ಕೊಟ್ಟರೆ ನಾಲ್ಕು ವರ್ಷ. ಇಷ್ಟು ಲೆಕ್ಕ ನನಗೂ ಬರುತ್ತದೆ. ಆದರೂ ಎದೆಯ ಗುಂಡಿ ಬಿಚ್ಚಿ ಬೀದಿಯಲ್ಲಿ ನಿಂತ ಹಾಗೆ ಅನ್ನಿಸಿತು.

"ಮೆಷೀನು ಇರಲಿ" ಅಂದೆ. "ಮಾತು ಹೋಗಲಿ. ಇನ್ನೂ ಎಷ್ಟು ಬೇಕಾದ್ರೂ ಬರೀತೀನಿ."

ಬೆಳಿಗ್ಗೆ ಜೆರಾಕ್ಸ್ ಅಂಗಡಿ ತೆಗೆಯುವ ಹೊತ್ತಿಗೆ ಹೋದೆವು. ಗಾಜಿನ ಮೇಲೆ ಒಂದು ಸಲಕ್ಕೆ ಎಂಟು ಚೀಟಿ. ಮುಂದೆ ಒಂದು ಸಲ, ಮಗುಚಿ ಒಂದು ಸಲ. ಜೆರಾಕ್ಸ್ ಅಣ್ಣ ಮೊದಲು ಓದಲಿಲ್ಲ. ಆಮೇಲೆ ಒಂದೊಂದು ಸಾಲು ಓದಿದ. ಆಮೇಲೆ ಮೆಷೀನು ನಿಲ್ಲಿಸಿ ಓದಿದ. ನಡುವೆ ಕೆಂಪಗಾಗಿ ನನ್ನ ಕಡೆ ತಿರುಗಿದ.

"ಏನಕ್ಕ ಇದು? 'ಜೆರಾಕ್ಸ್ ಅಣ್ಣ ಹತ್ತು ಪುಟ ಹೊಡೆದು ಹನ್ನೊಂದಕ್ಕೆ ಕಾಸು ತಗೋತಾನೆ.'"

"ನಿಂಗೆ ಬರೆದದ್ದಲ್ಲ ಅಣ್ಣ. ಅವರಿಗೆ."

"ಮಾಸ್ಟರು ನನ್ನ ಬಗ್ಗೆ ಏನು ತಿಳ್ಕೊಂಡಾರು?"

"ಅವರಿಗೆ ಮೊದಲೇ ಗೊತ್ತಿತ್ತು."

ಅವನು ಮತ್ತೆ ಕೆಲಸಕ್ಕೆ ತೊಡಗಿದ. ಸ್ವಲ್ಪ ಹೊತ್ತಿಗೆ ಮೂಗು ಸೊರಸೊರ ಅನ್ನತೊಡಗಿತು. "ಪುಡಿ ಅಕ್ಕ, ಮೆಷೀನಿನ ಪುಡಿ" ಅಂದ. ಕೊನೆಗೆ ಪುಟ ಎಣಿಸಿದ. ಎರಡೆರಡು ಸಲ ಎಣಿಸಿದ. ಒಂದು ಪುಟಕ್ಕೂ ಜಾಸ್ತಿ ತೆಗೆದುಕೊಳ್ಳಲಿಲ್ಲ.

ಹೊಸ ಅರ್ಜಿಯನ್ನು ನಾನೇ ಬರೆದೆ. ಪರಿಸ್ಥಿತಿಯ ಜಾಗದಲ್ಲಿ ಮೂರು ಸಾಲು. 'ಗಂಡ ಇಲ್ಲ. ಹೊಲಿಯುತ್ತೇನೆ. ಮನೆ ನಡೆಯುತ್ತೆ, ಫೀಸು ನಡೆಯಲ್ಲ.' ಮೂರೂವರೆಗೆ ಮೂರನೇ ಕಿಟಕಿಗೆ ಕೊಟ್ಟೆ. ಹೊಲಿಗೆ ಬಿಚ್ಚಿದ ಆ ಚೀಟಿಯನ್ನೂ ಸೇರಿಸಿ, ಚೀಟಿಗಳಿಗೆ ರಬ್ಬರು ಬ್ಯಾಂಡು ಹಾಕಿದ್ದೆ. ಅವರು ಅದನ್ನು ಎಳೆದು ನೋಡಿದರು. ಬಂತು. ಸಮಾಧಾನವಾಯಿತು ಅನ್ನಿಸುತ್ತದೆ.

ಆರು ವಾರ ಕಾದೆವು. ಆ ಆರು ವಾರ ಚೀಟಿಯ ಹಿಂದೆ ನಾನು ಏನೂ ಬರೆಯಲಿಲ್ಲ. ಬರೆಯಲು ಕೂತರೆ ಕಿಟಕಿಯ ಹಿಂದೆ ಯಾರೋ ಗಟ್ಟಿಯಾಗಿ ಓದಿದ ಹಾಗೆ ಕೇಳುತ್ತಿತ್ತು. ಕೈ ಹೋಗುತ್ತಿರಲಿಲ್ಲ. ಅತ್ತೆಯೇ ಒಂದು ದಿನ, "ಏನೇ, ನನ್ನ ಮಗನಿಗೆ ಸುದ್ದಿ ಕೊಟ್ಟೆಯಾ? ನನ್ನ ಮೊಣಕಾಲು ನೋವು ಬರ್ದೆಯಾ?" ಅಂದರು. ಇಲ್ಲ ಅಂದೆ. ಅವರಿಗೆ ಬೇಜಾರಾಯಿತು.

ಆಮೇಲೆ ಪತ್ರ ಬಂತು. ಗುಂಡಿ ಬಾಗಿಲಲ್ಲೇ ಓದಿ ಕಿರುಚಿದಳು. ನಾಲ್ಕು ವರ್ಷವೂ ಪೂರ್ತಿ ಫೀಸು. ಹನ್ನೊಂದು ಸಾವಿರದ ಇನ್ನೂರು ಕಾಲೂ ಅವರೇ ಕಟ್ಟುತ್ತಾರೆ. ಅತ್ತೆ, "ಆ ಕಿಟಕಿಯವನು ಒಳ್ಳೆಯವನು ಅಂತ ನಾನು ಮೊದಲೇ ಹೇಳಿದ್ದೆ" ಅಂದರು. (ಹೇಳಿರಲಿಲ್ಲ.) ಹಳೇ ಸಾಮಾನಿನವನು ಬಂದಾಗ ಗುಂಡಿ ಅವನಿಗೆ ಒಂದು ಲೋಟ ಟೀ ಕೊಟ್ಟು ಕಳಿಸಿದಳು. ಕಾಲೇಜು ಶುರುವಾದ ಎರಡನೇ ತಿಂಗಳು ಆ ತಿರುಪು ಎಲ್ಲಿಯದು ಅಂತ ಕಂಡುಹಿಡಿದು, ಅವರಪ್ಪನ ಮೆಷೀನಿಗೆ ಹಾಕಿದಳು. ಮೆಷೀನು ನಿಂತುಹೋಯಿತು. ಮತ್ತೆ ತೆಗೆದಳು. ಓಡಿತು. ತಿರುಪು ಈಗ ಮತ್ತೆ ಡ್ರಾಯರಿನಲ್ಲಿದೆ. ಇನ್ನೂ ಮೂರು ವರ್ಷಕ್ಕೂ ಮೇಲೆ ಓದುವುದಿದೆ.

ಪತ್ರ ಬಂದ ಮಾರನೆಯ ದಿನವೇ ಮೂಲ ಚೀಟಿಗಳನ್ನು ವಾಪಸು ಪಡೆಯಲು ಕಚೇರಿಗೆ ಹೋಗಿದ್ದೆ. ಮೂರನೇ ಕಿಟಕಿ ಮುಚ್ಚಿತ್ತು. ಪಕ್ಕದ ಕಿಟಕಿಯಾಕೆ ಒಂದು ಲಕೋಟೆ, ಒಂದು ಕಾಗದದ ಪೊಟ್ಟಣ ಕೊಟ್ಟಳು. "ಸಾರು ನಿಮಗೆ ಕೊಡೋಕೆ ಹೇಳಿದ್ರು" ಅಂತ ಬಾಯಿ ಮುಚ್ಚಿಕೊಂಡು ನಕ್ಕಳು.

ಮನೆಗೆ ಬಂದು ಲಕೋಟೆ ಬಿಚ್ಚಿದೆ. ಒಂದೊಂದು ಚೀಟಿಗೂ ಎರಡೂ ಬದಿ ನೇರಳೆ ಬಣ್ಣದ ಮೊಹರು ಬಿದ್ದಿತ್ತು. 'ಪರಿಶೀಲಿಸಲಾಗಿದೆ. ನಿಜವೆಂದು ದೃಢೀಕರಿಸಲಾಗಿದೆ.' ಎರಡು ಲೋಟ ಟೀ ಮಾಡಿದ್ದರ ಮೇಲೆ ನಿಜವೆಂದು ದೃಢೀಕರಿಸಲಾಗಿದೆ. ನೀಲಿ ಅಂಗಿಯ ಮೇಲೆ ನಿಜವೆಂದು ದೃಢೀಕರಿಸಲಾಗಿದೆ. ಟೀಗೆ ಮೂರು ಚಮಚ ಹಾಕಿದ್ದೂ ಸರ್ಕಾರದ ಮಟ್ಟದಲ್ಲಿ ನಿಜವಾಯಿತು. ಅದನ್ನು ಅತ್ತೆಗೆ ತೋರಿಸಿದೆ. ಅವರು ಒಪ್ಪಲಿಲ್ಲ. ಮೇಲ್ಮನವಿ ಹಾಕುತ್ತಾರಂತೆ.

ಎಲ್ಲಕ್ಕಿಂತ ಕೆಳಗೆ ಆ ಚೀಟಿ ಇತ್ತು. ಅಂಚಿನಲ್ಲಿ ಸೂಜಿಯ ತೂತುಗಳ ಎರಡು ಸಾಲು. ಅದಕ್ಕೂ ಮೊಹರು. ಆದರೆ ಮೊಹರಿನ ಕೆಳಗೆ ಕೆಂಪು ಶಾಯಿಯಲ್ಲಿ, ಕಚೇರಿಯ ದುಂಡು ಅಕ್ಷರದಲ್ಲಿ ಬರೆದಿತ್ತು:

'ಆಕ್ಷೇಪಣೆ. ಒಂದು: ಎರಡು ಇಂಚು ಅಲ್ಲ, ಒಂದೂವರೆ. ಎರಡು: ಮನೆಯಲ್ಲಿ ಹೇಳುವವರು ಇದ್ದರು. ಈಗಿಲ್ಲ. ಉಳಿದದ್ದು ಸರಿಯಿದೆ.'

ಪೊಟ್ಟಣದಲ್ಲಿ ಎರಡು ಪ್ಯಾಂಟು ಇತ್ತು. ಸರಿಯಾದ ಉದ್ದದ್ದು ಒಂದು, ಅಳತೆಗೆ. ಗಿಡ್ಡದ್ದು ಇನ್ನೊಂದು. ಒಳಗೆ ಮಡಿಸಿದ ಬಟ್ಟೆ ಬೇಕಾದಷ್ಟು ಇತ್ತು. ಬಿಚ್ಚಿ ಇಳಿಸುವವರು ಇರಲಿಲ್ಲ, ಅಷ್ಟೇ.

ಆ ಕೆಂಪು ಸಾಲನ್ನು ಇನ್ನೊಂದು ಸಲ ಓದಿದೆ. ಆಮೇಲೆ ನನಗೆ ಸಿಟ್ಟು ಬಂತು. ಕಿಟಕಿಯಲ್ಲಿ ಕೂತು ಕಾಗದ ನೋಡುವವರು ಹೊಲಿಗೆಯವಳಿಗೆ ಅಳತೆ ಹೇಳುವುದೇ? ಎರಡು ಅಂದರೆ ಎರಡೇ. ಕಿಟಕಿಯ ಹತ್ತಿರ ಹೋಗಿ ಇವರ ಮೆಷೀನಿನ ಬಟ್ಟೆ ತೆಗೆದೆ. ಗೋಡೆಯ ಮೊಳೆಯಲ್ಲಿದ್ದ ಇವರ ಟೇಪು ತೆಗೆದುಕೊಂಡೆ. ಎರಡು ಪ್ಯಾಂಟನ್ನೂ ಒಂದರ ಮೇಲೊಂದು ಹಾಸಿ ಅಳೆದೆ. ಇನ್ನೊಂದು ಸಲ ಅಳೆದೆ. ಅತ್ತೆಯನ್ನು ಕರೆದು ಟೇಪಿನ ತುದಿ ಹಿಡಿಸಿ ಅಳೆದೆ.

ಇವರ ಮೆಷೀನಿನಲ್ಲೇ ಅಂಚು ಇಳಿಸಿ ಹೊಲಿದೆ. ಅಳತೆ ಚೀಟಿ ತೆಗೆದುಕೊಂಡು ಮುಂದಿನ ಬದಿಯಲ್ಲಿ ತಾರೀಕು ಹಾಕಿದೆ. ಗಿರಾಕಿ: ಮೂರನೇ ಕಿಟಕಿ. ಕೂಲಿ: ಇಲ್ಲ. ಆಮೇಲೆ ಆರು ವಾರದಿಂದ ಬರೆಯದ ಹಿಂದಿನ ಬದಿಗೆ ತಿರುಗಿಸಿದೆ.

'ರೀ, ಅಳೆದೆ. ಒಂದೂವರೆ. ನಿಮ್ಮಮ್ಮನ ಮೊಣಕಾಲು ನೋವು. ಇಪ್ಪತ್ತೆರಡು ವರ್ಷ ನೀವು ಹೇಳಿದ್ದು ಸರಿ. ಇದನ್ನು ಯಾರಿಗೂ ತೋರಿಸಬೇಡಿ.'